ಗರಿ ಮಿಷಿನ್ ಊರಿಗೊಂದು ಸಾಕು

(1/4)
ಬೇಸಿಗೆಯಲ್ಲಿ ಚನ್ನರಾಯಪಟ್ಟಣ, ಹೊಳೆನರಸೀಪುರದ ಕಡೆ ಸಂಜೆ ಹೊತ್ತು ಓಡಾಡಿದ್ರೆ ತೋಟದ ಬದುವಲ್ಲಿ ಹೊಗೆ ಕಾಣುತ್ತೆ. ಒಣಗಿದ ತೆಂಗಿನ ಗರಿ ಸುಡೋ ಹೊಗೆ. ಈಗ ಅದಕ್ಕೆ ಉತ್ತರ ಅಂತ ಮಿನಿ ಟ್ರ್ಯಾಕ್ಟರ್ ಹಿಂದೆ ಕಟ್ಟೋ ಶ್ರೆಡ್ಡರ್ ರೀಲ್ಸ್ ಎಲ್ಲರ ಫೋನಲ್ಲೂ ಓಡ್ತಿದೆ. ಈ ಕಡೆ ಗರಿ ತುರುಕಿದ್ರೆ ಆ ಕಡೆ ಪುಡಿ. ನೋಡಿದ ತಕ್ಷಣ "ನಾವೂ ಒಂದು ತಗೊಳೋಣಪ್ಪ" ಅನ್ಸುತ್ತೆ.

ನನ್ನ ಮಾತು ಇಷ್ಟೇ. ಮಿಷಿನ್ ಬೇಕು. ಆದ್ರೆ ಮನೆಗೊಂದು ಬೇಡ, ಊರಿಗೊಂದು ಸಾಕು.

ಮೊದಲು ಯಾಕೆ ಬೇಕು ಅಂತ ನೋಡಿ. 25 ಅಡಿ ಅಂತರದಲ್ಲಿ ನೆಟ್ಟಿದ್ರೆ ಎಕರೆಗೆ ಸುಮಾರು 70 ಮರ. ಒಳ್ಳೆ ಮರ ತಿಂಗಳಿಗೆ ಒಂದರಂತೆ ವರ್ಷಕ್ಕೆ 12 ಗರಿ ಬಿಡುತ್ತೆ. ಅಂದ್ರೆ ಎಕರೆಗೆ 840 ಗರಿ, ಎರಡು ಎಕರೆ ತೋಟಕ್ಕೆ 1,680. ಹಿಂದೆ ಇದು ಕಸ ಆಗಿರಲಿಲ್ಲ. ಚಪ್ಪರಕ್ಕೆ, ಸೂರಿಗೆ, ಒಲೆಗೆ, ಕಡ್ಡಿ ಪೊರಕೆಗೆ ಹೋಗ್ತಿತ್ತು. ಈಗ ಸೂರಿಗೆ ಶೀಟು, ಒಲೆಗೆ ಗ್ಯಾಸು. ಗರಿ ಮಾತ್ರ ಬೀಳ್ತಾನೇ ಇದೆ.

"ಸುಟ್ರೆ ಬೂದಿ ಸಿಗುತ್ತಲ್ಲ, ಅದೂ ಗೊಬ್ಬರ ತಾನೆ?" ಅಂತ ಹಿರಿಯರು ಕೇಳ್ತಾರೆ. ಅರ್ಧ ನಿಜ. ಬೂದಿಯಲ್ಲಿ ಪೊಟ್ಯಾಷ್ ಉಳಿಯುತ್ತೆ. ಸಾರಜನಕ ಮತ್ತೆ ಮಣ್ಣನ್ನ ಮೆತ್ತಗೆ ಇಡೋ ಸಾವಯವ ಅಂಶ ಹೊಗೆ ಜೊತೆ ಹೋಗ್ಬಿಡುತ್ತೆ. ಆಮೇಲೆ ಅದನ್ನೇ ಅಂಗಡಿಯಿಂದ ಮೂಟೆ ಲೆಕ್ಕದಲ್ಲಿ ತರ್ತೀವಿ.

ಕಾಸರಗೋಡಿನ ಸಿಪಿಸಿಆರ್‌ಐ, ಅಂದ್ರೆ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ, ತೆಂಗಿನ ಗರಿಯಿಂದಲೇ ಎರೆಗೊಬ್ಬರ ಮಾಡೋ ವಿಧಾನ ಕೊಟ್ಟಿದೆ. ಹತ್ತು ಪಾಲು ಗರಿಗೆ ಒಂದು ಪಾಲು ಸಗಣಿ, ಜೊತೆಗೆ ಯೂಡ್ರಿಲಸ್ ಅನ್ನೋ ಜಾತಿಯ ಎರೆಹುಳ. ಗರಿ ಚಿಕ್ಕದಾದಷ್ಟೂ ಬೇಗ ಕೊಳೆಯುತ್ತೆ. ಮಿಷಿನ್ನಿನ ನಿಜವಾದ ಉಪಯೋಗ ಇಲ್ಲಿದೆ.

(2/4)
ಈಗ ಲೆಕ್ಕ. ಬಿಕಾಂನಲ್ಲಿ ಸವಕಳಿ ಲೆಕ್ಕ ಮಾಡಿ ಮಾಡಿ ತಲೆ ಕೆಟ್ಟಿರುತ್ತೆ, ಒಂದ್ಸಲ ನಮ್ಮ ತೋಟಕ್ಕೂ ಹಾಕೋಣ.

ಮಿಷಿನ್ ಬೆಲೆ 2 ಲಕ್ಷ ಅಂತ ಇಟ್ಕೊಳ್ಳಿ. ಬೆಲೆ ಬೇರೆ ಇದ್ರೆ ನಿಮ್ಮ ಅಂಕಿ ಹಾಕ್ಕೊಳ್ಳಿ, ದಾರಿ ಒಂದೇ. ಆದಾಯ ತೆರಿಗೆ ಲೆಕ್ಕದಲ್ಲಿ ಸಾಮಾನ್ಯ ಯಂತ್ರಗಳಿಗೆ ಹಾಕೋ ಸವಕಳಿ 15%. ಅಂದ್ರೆ ಮೊದಲ ವರ್ಷಕ್ಕೆ 30,000. ಹಾಕಿದ ದುಡ್ಡಿಗೆ 10% ಬಡ್ಡಿ ಹಿಡಿದ್ರೆ 20,000. ಒಟ್ಟು 50,000. ಡೀಸೆಲ್, ಕೂಲಿ, ಬ್ಲೇಡ್ ಸಾಣೆ ಇನ್ನೂ ಸೇರಿಲ್ಲ.

ಎರಡು ಎಕರೆಯ 1,680 ಗರಿಗೆ ಅದನ್ನ ಹಂಚಿ. ಒಂದು ಗರಿಗೆ ಹತ್ತಿರ ಹತ್ತಿರ 30 ರೂಪಾಯಿ! ದಿನಕ್ಕೆ 400 ಗರಿ ಹಾಕಿದ್ರೂ ನಾಲ್ಕೈದು ದಿನಕ್ಕೆ ಕೆಲಸ ಮುಗೀತು. ಉಳಿದ 360 ದಿನ ಮಿಷಿನ್ ಕೊಟ್ಟಿಗೆ ಪಕ್ಕ ಟಾರ್ಪಾಲ್ ಹೊದ್ಕೊಂಡು ಮಲಗಿರುತ್ತೆ, ಬಡ್ಡಿ ಮಾತ್ರ ಮಲಗಲ್ಲ.

ಅದೇ ಮಿಷಿನ್ ಇಪ್ಪತ್ತು ತೋಟಕ್ಕೆ ಓಡಿದ್ರೆ? 33,600 ಗರಿ. ಒಂದಕ್ಕೆ ಒಂದೂವರೆ ರೂಪಾಯಿ. ಜಾಸ್ತಿ ಓಡಿದ್ರೆ ಜಾಸ್ತಿ ಸವೆಯುತ್ತೆ, ಒಪ್ತೀನಿ. ಎರಡರಷ್ಟು ಖರ್ಚು ಹಿಡೀರಿ, ಆಗ್ಲೂ 3 ರೂಪಾಯಿ.

"ಸಬ್ಸಿಡಿ ಬರುತ್ತಲ್ಲ" ಅನ್ನೋರಿಗೆ: ಅರ್ಧ ಬೆಲೆಗೆ ಸಿಕ್ರೂ ಗರಿಗೆ 15 ರೂಪಾಯಿ. ಸಬ್ಸಿಡಿ ಬೆಲೆ ಇಳಿಸುತ್ತೆ, ನಿಮ್ಮ ತೋಟದಲ್ಲಿ ಗರಿ ಹೆಚ್ಚಿಸಲ್ಲ.

(3/4)
ದುಡ್ಡಿಗಿಂತ ದೊಡ್ಡ ಕಾರಣ ಕೈ. ನಿಮ್ಮ ಕೈ, ನಿಮ್ಮ ಅಪ್ಪನ ಕೈ.

ಈ ಮಿಷಿನ್ ಓಡೋದು ಟ್ರ್ಯಾಕ್ಟರಿನ ಪಿಟಿಒ ಶಾಫ್ಟಿಂದ. ಅದರ ಮಾಮೂಲಿ ವೇಗ ನಿಮಿಷಕ್ಕೆ 540 ಸುತ್ತು, ಅಂದ್ರೆ ಸೆಕೆಂಡಿಗೆ 9. ಹೆಗಲ ಮೇಲಿನ ಟವೆಲ್, ಪಂಚೆ ಅಂಚು, ಸೀರೆ ಸೆರಗು, ಯಾವುದೇ ಸಿಕ್ಕಿದ್ರೂ "ಅಯ್ಯೋ" ಅನ್ನೋಷ್ಟರಲ್ಲಿ ಒಂಬತ್ತು ಸುತ್ತು ಸುತ್ತಿರುತ್ತೆ. ಅದಕ್ಕೇ ಶಾಫ್ಟ್ ಮೇಲೆ ಪ್ಲಾಸ್ಟಿಕ್ ಕವರ್ ಕೊಟ್ಟಿರ್ತಾರೆ. ಗ್ರೀಸ್ ಹೊಡೆಯೋಕೆ ಅಡ್ಡ ಅಂತ ಅದನ್ನ ಬಿಚ್ಚಿ ಮೂಲೆಗೆ ಎಸೆಯೋದು ಬೇಡ.

ಒಳಗಿನ ರೋಟರ್ ಭಾರ ಇರುತ್ತೆ. ಪಿಟಿಒ ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ತಿರುಗ್ತಾನೇ ಇರುತ್ತೆ. ಗರಿ ಸಿಕ್ಕಾಕ್ಕೊಂಡಾಗ ಎಂಜಿನ್ ಆಫ್, ಕೀ ಜೇಬಲ್ಲಿ, ರೋಟರ್ ಪೂರ್ತಿ ನಿಂತ ಮೇಲೆ ಮುಚ್ಚಳ ತೆಗೀರಿ. ಕಾಲಲ್ಲಿ ಒದ್ದು ತುರುಕೋದು ಬೇಡವೇ ಬೇಡ. ಬೇಲಿಗೆ ಕಟ್ಟಿದ್ದ ಗರಿಯಲ್ಲಿ ತಂತಿ ಇದೆಯಾ ನೋಡಿ. ಕಣ್ಣಿಗೆ ಕನ್ನಡಕ ಇರಲಿ, ಮಕ್ಕಳು ದೂರ ಇರಲಿ.

ಇದು ಹೊಸ ಭಯ ಏನಲ್ಲ. ಪವರ್ ಥ್ರೆಷರ್‌ಗಳ ಅಪಾಯ ನೋಡಿಯೇ ನಮ್ಮ ದೇಶದಲ್ಲಿ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ಬಂತು. ವರ್ಷಕ್ಕೆ ನಾಲ್ಕು ದಿನ ಮುಟ್ಟೋರಿಗೆ ಮಿಷಿನ್ ಯಾವತ್ತೂ ಹೊಸದೇ. ಎಂಬತ್ತು ದಿನ ಓಡಿಸೋ ಒಬ್ಬ ಆಪರೇಟರಿಗೆ ಅದರ ಸದ್ದೇ ಗೊತ್ತಿರುತ್ತೆ.

(4/4)
"ಹಂಚ್ಕೊಳ್ಳೋ ಮಿಷಿನ್ ಬೇಕಾದಾಗ ಸಿಗಲ್ಲ" ಅನ್ನೋದು ನ್ಯಾಯವಾದ ದೂರು. ಮೊದಲ ಮಳೆ ಬಿದ್ರೆ ಉಳೋಕೆ ಎಲ್ಲರಿಗೂ ಅವತ್ತೇ ಟ್ರ್ಯಾಕ್ಟರ್ ಬೇಕು. ಆದ್ರೆ ಗರಿಗೆ ಹದ ಇಲ್ಲ. ವರ್ಷ ಪೂರ್ತಿ ಬೀಳುತ್ತೆ, ಎರಡು ವಾರ ಕಾದ್ರೆ ಯಾರ ಗಂಟೂ ಹೋಗಲ್ಲ. ಹಂಚ್ಕೊಂಡು ಬಳಸೋಕೆ ಇದಕ್ಕಿಂತ ಸರಿಯಾದ ಮಿಷಿನ್ ಇಲ್ಲ.

ಯಾರು ಇಟ್ಕೋಬೇಕು? ಹೋಬಳಿ ಮಟ್ಟದಲ್ಲಿ ಯಂತ್ರಗಳನ್ನ ಬಾಡಿಗೆಗೆ ಕೊಡೋಕೆ 2014-15ರಿಂದ ಕೃಷಿ ಯಂತ್ರಧಾರೆ ಕೇಂದ್ರಗಳಿವೆ. ಅಲ್ಲಿ ಹೋಗಿ ಶ್ರೆಡ್ಡರ್ ಬೇಕು ಅಂತ ಕೇಳಿ, ಹತ್ತು ಜನ ಒಟ್ಟಿಗೆ ಬರೆದು ಕೊಡಿ. ಕೇಂದ್ರ ಸರ್ಕಾರದ ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಒಬ್ಬೊಬ್ಬ ರೈತರಿಗಷ್ಟೇ ಅಲ್ಲದೆ ಬಾಡಿಗೆ ಕೇಂದ್ರಕ್ಕೆ, ಊರಿನ ಯಂತ್ರ ಬ್ಯಾಂಕಿಗೆ ಕೂಡ ಸಹಾಯಧನ ಇದೆ.

ಅದೂ ಆಗಲಿಲ್ಲ ಅಂದ್ರೆ ಊರಿನ ಹಾಲಿನ ಡೈರಿ ನೆನಪಿಸ್ಕೊಳ್ಳಿ. ಬೆಳಿಗ್ಗೆ ಸಂಜೆ ಯಾರ ಮನೆಯಿಂದ ಎಷ್ಟು ಲೀಟರ್ ಬಂತು ಅಂತ ಬರೆದಿಟ್ಟು, ಲೆಕ್ಕ ಹಾಕಿ ಬಟವಾಡೆ ಮಾಡೋದು ನಮ್ಮೂರಿನ ಜನಕ್ಕೆ ಬರುತ್ತೆ. ಅದೇ ಥರ ಗಂಟೆ ಲೆಕ್ಕದ ಬಾಡಿಗೆ, ಒಬ್ಬ ಆಪರೇಟರ್, ಒಂದು ಪುಸ್ತಕ, ರಿಪೇರಿಗೆ ಅಂತ ಬೇರೆ ತೆಗೆದಿಟ್ಟ ದುಡ್ಡು. "ಎಲ್ಲರದ್ದು ಅಂದ್ರೆ ಯಾರದ್ದೂ ಅಲ್ಲ" ಅನ್ನೋ ಕಾಯಿಲೆಗೆ ಪುಸ್ತಕವೇ ಔಷಧ.

ಎಲ್ಲಾ ಕಡೆಗೂ ಒಂದೇ ಮಾತು ಹೊಂದಲ್ಲ ಅನ್ನೋದೂ ಗೊತ್ತಿರಲಿ. ಅರಕಲಗೂಡಿನ ರಾಮನಾಥಪುರದ ಕಡೆ ಹೊಗೆಸೊಪ್ಪು ಬೇಯಿಸೋ ಬ್ಯಾರನ್ ಇರೋರಿಗೆ ಸೌದೆ ಅಂದ್ರೆ ದುಡ್ಡು. ಅಲ್ಲಿ ಕೊಂಬೆ ಪುಡಿ ಮಾಡೋದು ದಂಡ. ಉರಿಸೋಕೆ ಬರೋದು ಒಲೆಗೆ, ಪೊರಕೆಗೆ ಬರೋದು ಪೊರಕೆಗೆ, ಉಳಿದಿದ್ದು ಮಾತ್ರ ಮಿಷಿನ್ನಿಗೆ.

ಪುಡಿ ಮಾಡಿದ ಮೇಲೆ ರಾಶಿ ಹಾಕಿ ಮರೆತುಬಿಡಬೇಡಿ. ಸುಳಿ ಕೊರೆಯೋ ಕಪ್ಪು ಕೊಂಬಿನ ದುಂಬಿ ಮೊಟ್ಟೆ ಇಡೋದು ಕೊಳೆಯೋ ರಾಶಿಯಲ್ಲೇ. ಪಾತಿಯಲ್ಲಿ ತೆಳ್ಳಗೆ ಹರಡಿ, ಇಲ್ಲಾಂದ್ರೆ ಎರೆಗೊಬ್ಬರದ ತೊಟ್ಟಿಗೆ ಹಾಕಿ.

ಷೋರೂಮಿಗೆ ಅಡ್ವಾನ್ಸ್ ಕೊಡೋ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ತೋಟದ ಮರ ಎಣಿಸಿ, 12ರಿಂದ ಗುಣಿಸಿ, ಖರ್ಚನ್ನ ಭಾಗಿಸಿ. ಬಂದ ಅಂಕಿ ತೋರಿಸಿ ಪಕ್ಕದ ತೋಟದೋರನ್ನ ಕೇಳಿ: "ಅಣ್ಣ, ಸೇರ್ಕೊಂಡು ಒಂದು ತರೋಣ್ವಾ?"

#ಹಾಸನ #ಚನ್ನರಾಯಪಟ್ಟಣ #ಹೊಳೆನರಸೀಪುರ #ಅರಕಲಗೂಡು #ತೆಂಗಿನತೋಟ