ಕತ್ತಿನ ಕೊಳವೆ ಮತ್ತು ಒಂದು ಬಾಟಲಿ ಔಷಧಿ

ಕಿಡ್ನಿ ಕೈಕೊಟ್ಟು ಮಂಗಳೂರಿನ ಆಸ್ಪತ್ರೆ ಸೇರಿದವರ ಕತ್ತಿನಲ್ಲಿ ಪ್ಲಾಸ್ಟಿಕ್ ಕೊಳವೆ ಇರುವುದನ್ನು ನೀವು ನೋಡಿರಬಹುದು. ಅದು ತುರ್ತು ಡಯಾಲಿಸಿಸ್‌ಗೆ ಹಾಕುವ ಕ್ಯಾತಿಟರ್. ಅದರ ತುದಿ ಹೃದಯದ ಹತ್ತಿರದ ದೊಡ್ಡ ರಕ್ತನಾಳದಲ್ಲಿರುತ್ತದೆ. ಚರ್ಮದ ಮೇಲಿನ ರೋಗಾಣು ಕೊಳವೆ ಹಿಡಿದು ಒಳಗಿಳಿದರೆ ನೇರ ರಕ್ತಕ್ಕೇ ಸೇರುತ್ತದೆ. ಆಮೇಲೆ ನಡುಕದ ಜ್ವರ, ಐಸಿಯು, ಕೆಲವೊಮ್ಮೆ ಸಾವು.

ಹಾಗಾಗಿ ಕೊಳವೆ ಹಾಕುವಾಗ, ಡ್ರೆಸಿಂಗ್ ಬದಲಿಸುವಾಗ ಚರ್ಮಕ್ಕೆ ಏನು ಹಚ್ಚುತ್ತಾರೆ ಎಂಬುದು ಸಣ್ಣ ವಿಷಯವಲ್ಲ. ನಮಗೆಲ್ಲ ಗೊತ್ತಿರುವುದು ಕಂದು ಬಣ್ಣದ ಪೊವಿಡೋನ್ ಅಯೋಡಿನ್. ಇನ್ನೊಂದಿದೆ: ಆಲ್ಕೋಹಾಲ್‌ನಲ್ಲಿ ಬೆರೆಸಿದ ಕ್ಲೋರ್‌ಹೆಕ್ಸಿಡಿನ್.

ಫ್ರಾನ್ಸ್‌ನ 11 ಐಸಿಯುಗಳಲ್ಲಿ 2,546 ರೋಗಿಗಳ ಮೇಲೆ ಈ ಎರಡನ್ನೂ ಹೋಲಿಸಿ ನೋಡಿದರು. ಎರಡರಲ್ಲೂ ಆಲ್ಕೋಹಾಲ್ ಇತ್ತು. ಡಯಾಲಿಸಿಸ್ ಕೊಳವೆಗಳೂ ಲೆಕ್ಕದಲ್ಲಿದ್ದವು. ಫಲಿತಾಂಶ 2015ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಒಬ್ಬರ ಮೈಯಲ್ಲಿ ಒಂದು ಕೊಳವೆ ಒಂದು ದಿನ ಇದ್ದರೆ ಅದು ಒಂದು ಕೊಳವೆ-ದಿನ. ಅಂಥ ಸಾವಿರ ದಿನಕ್ಕೆ ಅಯೋಡಿನ್ ಹಚ್ಚಿದವರಲ್ಲಿ ಸೋಂಕು 1.77, ಕ್ಲೋರ್‌ಹೆಕ್ಸಿಡಿನ್ ಹಚ್ಚಿದವರಲ್ಲಿ 0.28. ಕ್ಲೋರ್‌ಹೆಕ್ಸಿಡಿನ್‌ನಿಂದ ಚರ್ಮ ಕೆರಳಿದವರು ಸ್ವಲ್ಪ ಹೆಚ್ಚು, ನಿಜ. ಅಲರ್ಜಿ ಇದ್ದವರಿಗೆ ಅಯೋಡಿನ್ನೇ ದಾರಿ. ಅಮೆರಿಕದ ಸಿಡಿಸಿ 2011ರಲ್ಲೇ ಇಂಥ ಕೊಳವೆಗೆ ಕ್ಲೋರ್‌ಹೆಕ್ಸಿಡಿನ್-ಆಲ್ಕೋಹಾಲ್ ಬಳಸಿ ಎಂದಿತ್ತು.

ನಮ್ಮ ವಾದ ಇಷ್ಟೇ. ಕಾಸರಗೋಡು, ಕೊಡಗು, ಉತ್ತರ ಕನ್ನಡದಿಂದಲೂ ಜನ ಬರುವ ವೆನ್ಲಾಕ್‌ನಲ್ಲಿ ಮಾತ್ರವಲ್ಲ, ತಾಲ್ಲೂಕು ಆಸ್ಪತ್ರೆಗಳ ಡಯಾಲಿಸಿಸ್ ಘಟಕಗಳಲ್ಲೂ ಈ ಬಾಟಲಿ ಯಾವತ್ತೂ ಖಾಲಿಯಾಗಬಾರದು. ಅದನ್ನು ನೋಡಿಕೊಳ್ಳುವುದು ಆರೋಗ್ಯ ಇಲಾಖೆಯ ಕೆಲಸ. ಒಂದು ಸೋಂಕು ಬಂದರೆ ಆಗುವ ಆ್ಯಂಟಿಬಯೋಟಿಕ್ ಖರ್ಚು, ಹಾಸಿಗೆ ಹಿಡಿದ ದಿನಗಳು, ಜೊತೆಗೆ ಕೂತವರ ಕೂಲಿ ನಷ್ಟದ ಮುಂದೆ ಬಾಟಲಿಯ ಬೆಲೆ ಏನೂ ಅಲ್ಲ.

ಆದರೆ ಬಾಟಲಿಯೊಂದೇ ಸಾಲದು. ಕೈ ತೊಳೆಯಬೇಕು. ಹಚ್ಚಿದ ಔಷಧಿ ಪೂರ್ತಿ ಒಣಗಬೇಕು. ಕ್ಲೋರ್‌ಹೆಕ್ಸಿಡಿನ್-ಆಲ್ಕೋಹಾಲ್‌ಗೆ ಸುಮಾರು ಅರ್ಧ ನಿಮಿಷ ಸಾಕು, ನೀರಿನಲ್ಲಿ ಬೆರೆಸಿದ ಅಯೋಡಿನ್‌ಗೆ ಎರಡು ನಿಮಿಷವಾದರೂ ಬೇಕು. ರೋಗಿಗಳ ಸಾಲು ಉದ್ದವಿದ್ದು ಸಿಸ್ಟರ್‌ಗಳು ಕಡಿಮೆಯಿದ್ದರೆ ಮೊದಲು ತಪ್ಪುವುದು ಈ ಕಾಯುವಿಕೆಯೇ. ಆದ್ದರಿಂದ ಬಾಟಲಿಯ ಜೊತೆ ಸಿಬ್ಬಂದಿಯನ್ನೂ ಕೇಳಬೇಕು.

ಮನೆಯವರು ಮಾಡಬಹುದಾದದ್ದೂ ಇದೆ. ಡ್ರೆಸಿಂಗ್ ಒದ್ದೆಯಾಗಲು ಬಿಡಬೇಡಿ. ಮನೆಯಲ್ಲಿ ಬಿಚ್ಚಿ ಏನನ್ನೂ ಹಚ್ಚಬೇಡಿ. ಚಳಿ, ನಡುಕ, ಜ್ವರ ಬಂದರೆ ಮರುದಿನದವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ. ಕೈಯಲ್ಲಿ ಫಿಸ್ಟುಲಾ ಯಾವಾಗ ಮಾಡುತ್ತೀರಿ ಎಂದು ಡಾಕ್ಟರನ್ನು ಕೇಳಿ, ಅದು ತಯಾರಾದರೆ ಕತ್ತಿನ ಕೊಳವೆಯೇ ಬೇಡ. ಅಲ್ಲಿಯವರೆಗೆ "ಯಾವ ಔಷಧಿ ಹಚ್ಚುತ್ತಿದ್ದೀರಿ, ಒಣಗಿತಾ?" ಎಂದು ಕೇಳುವುದು ಅಧಿಕಪ್ರಸಂಗವಲ್ಲ.