ತೋಬಿಯನ ಪಯಣವೂ ನಮ್ಮ ಮಕ್ಕಳ ವೀಸಾವೂ

ಪರದೇಶಗಳ ಬಾಗಿಲುಗಳು ಒಂದೊಂದಾಗಿ ಕಿರಿದಾಗುತ್ತಿವೆ. 2024ರ ಜನವರಿಯಲ್ಲಿ ಕೆನಡಾ ಸರಕಾರವು ವಿದೇಶೀ ವಿದ್ಯಾರ್ಥಿಗಳ ಪರವಾನಿಗೆಗಳಿಗೆ ಮಿತಿ ಹಾಕಿತು. ಆ ವರ್ಷದ ಸಂಖ್ಯೆಯನ್ನು ಹಿಂದಿನ ವರ್ಷಕ್ಕಿಂತ ಶೇಕಡಾ 35ರಷ್ಟು ತಗ್ಗಿಸಿ ಸುಮಾರು 3.6 ಲಕ್ಷಕ್ಕೆ ನಿಲ್ಲಿಸುವುದಾಗಿ ಘೋಷಿಸಿತು. ಜೀವನ ವೆಚ್ಚಕ್ಕೆಂದು ವಿದ್ಯಾರ್ಥಿಯು ಮುಂಚಿತವಾಗಿ ತೋರಿಸಬೇಕಾದ ಮೊತ್ತವೂ ಅದೇ ತಿಂಗಳು 10,000 ಡಾಲರಿನಿಂದ 20,635 ಡಾಲರಿಗೆ ಏರಿತು. ಹೊರದೇಶಗಳಿಂದ ಆರೈಕೆ ಕೆಲಸಗಾರರನ್ನು ಹೊಸದಾಗಿ ಕರೆಸಿಕೊಳ್ಳುವುದನ್ನು ಬ್ರಿಟನ್ 2025ರ ಜುಲೈಯಲ್ಲಿ ನಿಲ್ಲಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕವು ಹೊಸ ಎಚ್-1ಬಿ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರಿನ ಶುಲ್ಕ ಹೇರಿತು. ಅನ್ಯರಿಗೆ ಇವು ಅಂತಾರಾಷ್ಟ್ರೀಯ ಪುಟದ ಸುದ್ದಿಗಳಿರಬಹುದು. ಮಂಗಳೂರು, ಉಡುಪಿ ಕಡೆಯ ಕಥೋಲಿಕ ಮನೆಗಳಲ್ಲಿ ಇವು ರಾತ್ರಿಯ ಜಪಸರ ಮುಗಿದ ಮೇಲೆ ತಂದೆ ತಾಯಿಗಳು ತಗ್ಗಿದ ದನಿಯಲ್ಲಿ ಆಡಿಕೊಳ್ಳುವ ಮನೆಮಾತು.

ನಮ್ಮ ಸಮುದಾಯಕ್ಕೆ ಊರು ಬಿಡುವುದು ಹೊಸತಲ್ಲ. ಹಿರಿಯರು ಮುಂಬಯಿಗೆ ಹೋದರು. ಎಪ್ಪತ್ತರ ದಶಕದಿಂದೀಚೆಗೆ ಅವರ ಮಕ್ಕಳು ಕೊಲ್ಲಿ ರಾಷ್ಟ್ರಗಳಿಗೆ ಹೋದರು. ಮೊಮ್ಮಕ್ಕಳು ಈಗ ಟೊರೊಂಟೊ, ಲಂಡನ್, ಟೆಲ್ ಅವೀವ್ ಎನ್ನುತ್ತಿದ್ದಾರೆ. ಹಂಚಿನ ಮನೆಗಳು ತಾರಸಿ ಮನೆಗಳಾದದ್ದು, ಎಷ್ಟೋ ಇಗರ್ಜಿಗಳು ನವೀಕರಣಗೊಂಡದ್ದು ಈ ದುಡಿಮೆಯಿಂದಲೇ. 1990ರಲ್ಲಿ ಕುವೈಟನ್ನು ಇರಾಕ್ ಆಕ್ರಮಿಸಿದಾಗ ಒಂದು ಲಕ್ಷಕ್ಕೂ ಅಧಿಕ ಭಾರತೀಯರನ್ನು ವಿಮಾನಗಳಲ್ಲಿ ಕರೆತರಬೇಕಾಯಿತು. ಉಟ್ಟ ಬಟ್ಟೆಯಲ್ಲಿ ಬಂದಿಳಿದವರನ್ನು ನಮ್ಮ ಹಿರಿಯರು ಇನ್ನೂ ಮರೆತಿಲ್ಲ. ಆದರೂ ಯುದ್ಧ ಮುಗಿದೊಡನೆ ಬಹಳ ಮಂದಿ ಮರಳಿ ವಿಮಾನವೇರಿದರು. ಊರಿನಲ್ಲಿ ಬೇರೆ ದಾರಿ ಏನಿತ್ತು?

ಇಂತಹ ಜೀವನದಲ್ಲಿ ದೇವರ ಮೇಲಿನ ಭರವಸೆ ಎಂದರೆ ಏನು? ಪ್ರಶ್ನೆ ಸರಳವಾಗಿ ಕಾಣುತ್ತದೆ. ಬಿಕರ್ನಕಟ್ಟೆಯ ಬಾಲ ಯೇಸುವಿನ ಪುಣ್ಯಕ್ಷೇತ್ರದಲ್ಲಿ, ಅತ್ತೂರಿನ ಸಂತ ಲಾರೆನ್ಸರ ಬಸಿಲಿಕಾದಲ್ಲಿ ಮೋಂಬತ್ತಿ ಹಚ್ಚುವ ಕೈಗಳ ಹಿಂದೆ ಎಷ್ಟು ಪಾಸ್‌ಪೋರ್ಟುಗಳಿವೆ ಎಂಬುದನ್ನು ನಾವು ಊಹಿಸಬಲ್ಲೆವು. ಆ ಪ್ರಾರ್ಥನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅನುದಿನದ ಆಹಾರವನ್ನು ಬೇಡಲು ಕಲಿಸಿದ ಪ್ರಭುವು ವೀಸಾವನ್ನು ಬೇಡುವವರ ಮೇಲೆ ಮುನಿಯಲಾರನು. ಆದರೆ ಭರವಸೆಯೆಂಬ ಮಾತಿನ ಜಾಗದಲ್ಲಿ ಸದ್ದಿಲ್ಲದೆ ಖಾತರಿಯೆಂಬ ಮಾತು ಬಂದು ಕುಳಿತಿದೆ. ಒಂಬತ್ತು ವಾರದ ನೊವೆನಾ ಮುಗಿಸಿದ್ದೇವೆ, ಹರಕೆ ಹೊತ್ತಿದ್ದೇವೆ. ಇನ್ನು ಕೆಲಸ ಆಗಲೇಬೇಕು ಎಂಬ ಲೆಕ್ಕಾಚಾರ. ವೀಸಾ ತಿರಸ್ಕೃತವಾದ ದಿನ ಇಂತಹ ಮನೆಯಲ್ಲಿ ಹಣದ ನಷ್ಟದೊಂದಿಗೆ ವಿಶ್ವಾಸದ ನಷ್ಟವೂ ಆಗುತ್ತದೆ. ಏಜೆಂಟನ ಮೇಲೆ ಬರಬೇಕಾದ ಸಿಟ್ಟು ದೇವರ ಮೇಲೆ ಬರುತ್ತದೆ.

ಕಥೋಲಿಕ ಬೈಬಲಿನಲ್ಲಿರುವ, ನಾವು ಮದುವೆಯ ಬಲಿಪೂಜೆಯಲ್ಲಿ ಮಾತ್ರ ಆಗಾಗ ಕೇಳುವ ತೋಬಿತನ ಗ್ರಂಥವನ್ನು ಈ ಸಂದರ್ಭದಲ್ಲಿ ತೆರೆದು ನೋಡುವುದು ಉಚಿತ. ಮಗನನ್ನು ಹಣಕ್ಕಾಗಿ ದೂರದೇಶಕ್ಕೆ ಕಳುಹಿಸುವ ಮನೆಯೊಂದರ ಕಥೆ ಅದು. ನಿನೆವೆಯಲ್ಲಿ ತೋಬಿತನು ಕಣ್ಣು ಕಳೆದುಕೊಂಡು ಬಡತನಕ್ಕೆ ಬಿದ್ದಿದ್ದಾನೆ. ಹಲವು ವರ್ಷಗಳ ಹಿಂದೆ ಮೇದ್ಯ ದೇಶದಲ್ಲಿ ಒಬ್ಬನ ಬಳಿ ಇಟ್ಟಿದ್ದ ಹತ್ತು ತಲಾಂತು ಬೆಳ್ಳಿಯ ನೆನಪಾಗಿ, ಅದನ್ನು ತರಲು ಮಗ ತೋಬಿಯನನ್ನು ಕಳುಹಿಸುತ್ತಾನೆ. ಈ ತೋಬಿತನು ದೈವಭಕ್ತರಲ್ಲಿ ದೈವಭಕ್ತ. ಆದರೂ ಅವನು ಮಾಡಿದ್ದನ್ನು ಗಮನಿಸಬೇಕು. ಹಣದ ಕರಾರುಪತ್ರವನ್ನು ಎರಡಾಗಿ ಮಾಡಿ ತಲಾ ಒಂದು ತುಂಡು ಇಟ್ಟುಕೊಂಡ ಸಂಗತಿಯನ್ನು ಮಗನಿಗೆ ತಿಳಿಸುತ್ತಾನೆ. ದಾರಿ ಬಲ್ಲ, ನಂಬಿಗಸ್ತನಾದ ಜೊತೆಗಾರನನ್ನು ಹುಡುಕೆಂದು ಹೇಳುತ್ತಾನೆ. ಬಂದವನ ಕುಲ, ಕುಟುಂಬ ಎಲ್ಲವನ್ನೂ ವಿಚಾರಿಸಿದ ಬಳಿಕವೇ ದಿನಗೂಲಿಯನ್ನು ಗೊತ್ತುಮಾಡುತ್ತಾನೆ. ಬಂದವನು ರಫಾಯೇಲ ದೇವದೂತನೆಂಬುದು ಅವನಿಗೆ ತಿಳಿಯದು. ದೇವದೂತನನ್ನೇ ಹೀಗೆ ವಿಚಾರಣೆಗೆ ಒಳಪಡಿಸಿದ ಭಕ್ತನ ಮುಂದೆ, ಪೇಟೆಯ ಯಾವುದೋ ಮಹಡಿಯಲ್ಲಿ ಕುಳಿತ ಏಜೆಂಟನ ನೋಂದಣಿಯನ್ನೂ ಕೇಳದೆ ಲಕ್ಷಗಟ್ಟಲೆ ಎಣಿಸಿ ಕೊಡುವ ನಾವು ಎಲ್ಲಿ ನಿಲ್ಲುತ್ತೇವೆ? ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ನೋಂದಾಯಿತ ಏಜೆಂಟರ ವಿವರ ಸಿಗುತ್ತದೆ. ಅದನ್ನು ನೋಡುವುದು ಅವಿಶ್ವಾಸದ ಕೃತ್ಯವಲ್ಲ.

ವಿಮೆಯ ವಿಷಯದಲ್ಲೂ ಇದೇ ಮಾತು. ವಲಸೆ ಅನುಮತಿ ಅಗತ್ಯವಿರುವ ಪಾಸ್‌ಪೋರ್ಟ್ ಹೊಂದಿ ಕೊಲ್ಲಿ ಮೊದಲಾದ ದೇಶಗಳಿಗೆ ದುಡಿಯಲು ಹೋಗುವವರಿಗೆ ಪ್ರವಾಸಿ ಭಾರತೀಯ ಬೀಮಾ ಯೋಜನೆ ಕಡ್ಡಾಯ. ಅಪಘಾತದ ಮರಣಕ್ಕೆ 10 ಲಕ್ಷ ರೂಪಾಯಿಯ ರಕ್ಷಣೆ ಅದರಲ್ಲಿದೆ. ಆ ಕಾಗದವನ್ನು ಮನೆಯವರು ಓದಿಟ್ಟುಕೊಳ್ಳುವುದು ಎಷ್ಟು ಕಡೆ ನಡೆಯುತ್ತದೆ? ಅಶುಭವನ್ನು ಬಾಯಲ್ಲಿ ಆಡಬಾರದೆಂಬುದು ನಮ್ಮಲ್ಲಿನ ಹಳೆಯ ಅಳುಕು. 2024ರ ಜೂನ್ 12ರ ನಸುಕಿನಲ್ಲಿ ಕುವೈಟಿನ ಮಂಗಾಫ್‌ನ ಕಾರ್ಮಿಕ ವಸತಿಗೆ ಬೆಂಕಿ ಬಿದ್ದು ನಲವತ್ತಕ್ಕೂ ಅಧಿಕ ಭಾರತೀಯರು ಅಸುನೀಗಿದರು. ಅಳುಕಿನಿಂದ ಯಾರ ಮನೆಗೂ ಯಾವ ಪ್ರಯೋಜನವೂ ಆಗಲಿಲ್ಲ.

ತೋಬಿತನ ಗ್ರಂಥದಲ್ಲಿ ತಾಯಿಯೂ ಇದ್ದಾಳೆ, ಅನ್ನಾ. ಇರುವುದೇ ಸಾಕಾಗಿತ್ತು, ಹಣದ ಆಸೆಗೆ ಮಗನನ್ನು ಏಕೆ ಕಳುಹಿಸಿದೆ ಎಂದು ಗಂಡನನ್ನು ಕೇಳುತ್ತಾಳೆ. ಮಗ ಬರುವುದು ತಡವಾದಾಗ ದಿನವೂ ದಾರಿ ನೋಡುತ್ತ ಕುಳಿತು, ಇರುಳಿಡೀ ಅಳುತ್ತಾಳೆ. ಪವಿತ್ರ ಗ್ರಂಥವು ಅವಳನ್ನು ಅಲ್ಪವಿಶ್ವಾಸಿಯೆಂದು ಗದರಿಸುವುದಿಲ್ಲ. ಭರವಸೆಯುಳ್ಳ ತಂದೆ, ಕಣ್ಣೀರಿಡುವ ತಾಯಿ ಒಂದೇ ಸೂರಿನಡಿ ಇದ್ದಾರೆ. ಪಯಣ ಇಬ್ಬರದ್ದೂ ಹೌದು. ನಮ್ಮ ಪ್ರವಚನಗಳಲ್ಲಿ ಈ ಅನ್ನಾಳಿಗೆ ಇನ್ನಷ್ಟು ಸ್ಥಳ ಸಿಗಬೇಕಿತ್ತೆಂದು ನಮಗನ್ನಿಸುತ್ತದೆ. ಚಿಂತಿಸುವುದೇ ಪಾಪವೆಂದು ಕೇಳಿ ಕೇಳಿ, ಚಿಂತೆಯ ಮೇಲೆ ಪಾಪಭೀತಿಯನ್ನೂ ಹೊತ್ತ ತಾಯಂದಿರು ನಮ್ಮಲ್ಲಿ ಕಡಿಮೆಯಿಲ್ಲ.

ಇಸ್ರೇಲಿನ ವಿಷಯವನ್ನು ಇಲ್ಲಿ ಹೇಳದಿರಲಾಗದು. ನಮ್ಮ ಕರಾವಳಿಯ ಸಾವಿರಾರು ಮಂದಿ ಅಲ್ಲಿ ವೃದ್ಧರ, ರೋಗಿಗಳ ಆರೈಕೆಯಲ್ಲಿ ತೊಡಗಿದ್ದಾರೆ. ಅವರಲ್ಲಿ ಕಥೋಲಿಕರು ಬಹಳ. 2023ರ ಅಕ್ಟೋಬರ್ 7ರ ದಾಳಿಯ ನಂತರ ಭಾರತ ಸರಕಾರವು ಆಪರೇಷನ್ ಅಜಯ್ ಮೂಲಕ ವಿಮಾನಗಳನ್ನು ಕಳುಹಿಸಿದಾಗ ನಮ್ಮವರಲ್ಲಿ ಅನೇಕರು ಹತ್ತಲಿಲ್ಲ. ಸಂಬಳದ ಅಗತ್ಯ, ಊರಿನ ಸಾಲ ಇವು ಕಾರಣಗಳಾಗಿರಲಿಲ್ಲವೆಂದು ನಾವು ಹೇಳಲಾರೆವು. ಆದರೆ ಸೈರನ್ ಕೂಗಿದಾಗ ಹಾಸಿಗೆಯಿಂದ ಏಳಲಾರದ ವೃದ್ಧೆಯನ್ನು ಭದ್ರತಾ ಕೋಣೆಗೆ ಸಾಗಿಸುವವರು ಬೇರೆ ಯಾರು ಎಂಬ ಪ್ರಶ್ನೆಯೂ ಅವರ ಮುಂದಿತ್ತು. ನಮ್ಮ ದೃಷ್ಟಿಯಲ್ಲಿ ಭರವಸೆಯ ನಿಜರೂಪ ಅಲ್ಲಿದೆ: ಮುಂದೇನೆಂಬುದು ತಿಳಿಯದಿದ್ದರೂ ಇಂದು ಕೈಗೆ ಬಂದ ಮನುಷ್ಯನನ್ನು ಕೈಬಿಡದಿರುವುದು.

ನಮ್ಮವರು ಸುರಕ್ಷಿತರೆಂಬ ಕರೆ ಬಂದಾಗ ದೇವರು ಕಾಪಾಡಿದನೆಂದು ಹೇಳುತ್ತೇವೆ. ಕೃತಜ್ಞತೆ ಸಹಜ, ದೇವ್ ಬರೆಂ ಕರುಂ ಎನ್ನದ ಕೊಂಕಣಿ ನಾಲಗೆ ಉಂಟೇ? ಆದರೆ 2024ರ ಮಾರ್ಚ್ 4ರಂದು ಲೆಬನಾನ್ ಕಡೆಯಿಂದ ಬಂದ ಕ್ಷಿಪಣಿಗೆ ಮಾರ್ಗಲಿಯೋಟಿನ ತೋಟದಲ್ಲಿ ಕೇರಳದ ಯುವಕನೊಬ್ಬ ಬಲಿಯಾದನು. ಅವನ ಮನೆಯವರ ಹಂಬಲ ನಮ್ಮದಕ್ಕಿಂತ ಕಡಿಮೆಯಾಗಿತ್ತೇ? ನಮ್ಮ ಕೃತಜ್ಞತೆಯ ಮಾತು ಅಂತಹ ಮನೆಯ ಗಾಯಕ್ಕೆ ಉಪ್ಪಾಗದಂತೆ ಇರಬೇಕು. ಶಿಲುಬೆಯ ಮೇಲೆ ಪ್ರಭುವೇ ಕೈಬಿಡಲ್ಪಟ್ಟವನಂತೆ ಕೂಗಿದ ಘಳಿಗೆಯನ್ನು ಆರಾಧಿಸುವ ನಾವು, ರಕ್ಷಣೆಯನ್ನು ಬದುಕುಳಿದವರ ಪಟ್ಟಿಯಿಂದ ಅಳೆಯಲು ಹೊರಡುವುದು ಸಲ್ಲದು.

ಇನ್ನು ಬರಿಗೈಯಲ್ಲಿ ಮರಳಿದವರ ಮಾತು. ಇವರ ಸಂಗತಿ ಪತ್ರಿಕೆಗಳಲ್ಲಿ ಬರುವುದಿಲ್ಲ. ಚಿನ್ನ ಅಡವಿಟ್ಟು, ತೋಟದ ತುಂಡೊಂದನ್ನು ಮಾರಿ ಕಳುಹಿಸಿದ ಮಗನು ಎರಡು ವರ್ಷದಲ್ಲಿ ಹಿಂದಿರುಗಿದರೆ ಮನೆಯವರು ನೆಂಟರಿಗೆ ರಜೆಯಲ್ಲಿ ಬಂದಿದ್ದಾನೆ ಎನ್ನುತ್ತಾರೆ. ರವಿವಾರ ಇಗರ್ಜಿಯ ಅಂಗಳದಲ್ಲಿ ಯಾವಾಗ ಬಂದದ್ದು, ವಾಪಸು ಯಾವಾಗ ಎಂಬ ಪ್ರಶ್ನೆ. ಕೇಳುವವರಲ್ಲಿ ದುರುದ್ದೇಶವಿಲ್ಲ. ಆದರೂ ಆ ಹುಡುಗ ಮುಂದಿನ ವಾರ ಬೆಳಗ್ಗಿನ ಮೊದಲ ಬಲಿಪೂಜೆಗೆ ಬಂದು, ಆಶೀರ್ವಾದಕ್ಕೆ ಮೊದಲೇ ಹೊರಟುಬಿಡುತ್ತಾನೆ. 2025ರ ಜುಬಿಲಿ ವರ್ಷವನ್ನು ಭರವಸೆಯ ಯಾತ್ರಿಕರೆಂಬ ಘೋಷದಡಿ ಆಚರಿಸಿದ ನಮಗೆ, ಈ ಯಾತ್ರಿಕನನ್ನು ಬರಮಾಡಿಕೊಳ್ಳುವುದು ಇನ್ನೂ ಬಂದಿಲ್ಲ.

ಇದಕ್ಕೆ ದೊಡ್ಡ ಯೋಜನೆಗಳು ಬೇಕಿಲ್ಲ. ವಾರ್ಡಿನ ಕೂಟಗಳಲ್ಲಿ ವೀಸಾ, ವಿಮೆ, ಕರಾರುಪತ್ರಗಳನ್ನು ಓದಿ ಹೇಳಬಲ್ಲ ಒಬ್ಬರಿದ್ದರೆ ಸಾಕು. ನಿವೃತ್ತ ಬ್ಯಾಂಕ್ ನೌಕರರಿಗೆ ನಮ್ಮಲ್ಲಿ ಬರವಿಲ್ಲ. ಸಾಲ ಎಷ್ಟೆಂಬುದನ್ನು ಕಳುಹಿಸುವ ಮೊದಲೇ ಮಕ್ಕಳ ಎದುರಿಗೆ ಮಾತನಾಡುವ ತಂದೆ ತಾಯಿಗಳು ಬೇಕು. ಸಂತ ವಿನ್ಸೆಂಟ್ ದ ಪಾವ್ಲ್ ಸಭೆಯವರು ಬಡವರ ಮನೆಗಳಿಗೆ ಭೇಟಿ ಕೊಡುವುದನ್ನು ಬಲ್ಲೆವು. ವಿದೇಶದ ಸಾಲದಲ್ಲಿ ಮುಳುಗಿದ ಮನೆಗೂ ಅಂತಹ ಭೇಟಿ ಬೇಕಾಗಿದೆ. ಆದರೆ ಹೊರಗೆ ತಾರಸಿ, ಗೇಟು, ಬಣ್ಣ ಕಾಣುವುದರಿಂದ ಅಲ್ಲಿಗೆ ಹೋಗಬೇಕೆಂದು ಯಾರಿಗೂ ತೋಚುವುದಿಲ್ಲ.