ಹೊಳಪಿಗೆ ಐದು ವರ್ಷ ಗ್ಯಾರಂಟಿ, ಉಸಿರಿಗೆ ಗ್ಯಾರಂಟಿ ಯಾರದು?

ಆಯುಧ ಪೂಜೆ ಹತ್ತಿರ ಬಂತೆಂದರೆ ಹೈವೇ ಪಕ್ಕದ ಊರುಗಳಲ್ಲಿ ಫ್ಲೆಕ್ಸ್‌ಗಳು ಏಳುತ್ತವೆ. ಹಿರಿಯೂರಿನಿಂದ ದಾವಣಗೆರೆವರೆಗೆ ಹೆದ್ದಾರಿ 48ರ ಗುಂಟ ಒಮ್ಮೆ ನೋಡುತ್ತಾ ಹೋಗಿ. 'ಸೆರಾಮಿಕ್ ಕೋಟಿಂಗ್', '9ಎಚ್ ಗಟ್ಟಿತನ', 'ಐದು ವರ್ಷ ಗ್ಯಾರಂಟಿ', 'ಹಬ್ಬದ ಆಫರ್'. ಹತ್ತು ವರ್ಷದ ಹಿಂದೆ ಇದೇ ಜಾಗದಲ್ಲಿ 'ವಾಟರ್ ಸರ್ವಿಸ್' ಬೋರ್ಡ್ ಇತ್ತು. ಒಂದು ಕಂಪ್ರೆಸರ್, ಒಂದು ರ‍್ಯಾಂಪ್, ಶಾಂಪೂ ನೊರೆ, ಅಷ್ಟೇ. ಈಗ ಅದೇ ಶೆಡ್ಡಿಗೆ ಗಾಜಿನ ಬಾಗಿಲು, ಎಲ್‌ಇಡಿ ಪಟ್ಟಿ ಬಂದು 'ಡಿಟೇಲಿಂಗ್ ಸ್ಟುಡಿಯೋ' ಆಗಿದೆ.

ಆಗಲಿ. ಕಾರು ಚೆನ್ನಾಗಿ ಕಾಣಲಿ ಎನ್ನುವ ಆಸೆಯಲ್ಲಿ ತಪ್ಪಿಲ್ಲ. ಅಡಿಕೆ ಮಾರಿಯೋ, ಚೀಟಿ ಎತ್ತಿಯೋ, ಸೊಸೈಟಿ ಸಾಲ ಮಾಡಿಯೋ ಮನೆಗೆ ಮೊದಲ ಕಾರು ತಂದವನಿಗೆ ಅದು ತಗಡಿನ ಡಬ್ಬಿಯಲ್ಲ, ಮನೆಯ ಮರ್ಯಾದೆ. ನನ್ನ ಜಗಳ ಆ ಆಸೆಯ ಜೊತೆಗಲ್ಲ. ಆ ಆಸೆಗೆ ಹೊಳಪು ಮಾರಿ, ಹೊಳಪಿನ ಮಿತಿಯನ್ನು ಮುಚ್ಚಿಡುವವರ ಜೊತೆ. ಜೊತೆಗೆ, ಆ ಹೊಳಪು ತರಲು ದಿನವಿಡೀ ಬರಿಗೈಯಲ್ಲಿ ಕೆಮಿಕಲ್ ತಿಕ್ಕುವ ಹುಡುಗರ ಬಗ್ಗೆ ಕಣ್ಣು ಮುಚ್ಚಿರುವ ಇಲಾಖೆಗಳ ಜೊತೆ.

ಮೊದಲು ಬಣ್ಣದ ಲೆಕ್ಕ

ಕಾರಿನ ತಗಡಿನ ಮೇಲೆ ಕಂಪನಿ ಹಚ್ಚುವ ಬಣ್ಣ ಒಂದೇ ಪದರವಲ್ಲ. ಕೆಳಗೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್. ಎಲ್ಲಾ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ಇರುತ್ತದೆ. ಅಂದರೆ ನಿಮ್ಮ ಕಾರಿನ ಪೂರ್ತಿ ಬಣ್ಣದ ದಪ್ಪ ಎರಡು ಕೂದಲೆಳೆ. ಅದರಲ್ಲಿ ಬಿಸಿಲು ತಡೆಯುವ ಕ್ಲಿಯರ್ ಕೋಟ್‌ನ ಪಾಲು ಅರ್ಧ ಕೂದಲೆಳೆ, ಸುಮಾರು 35ರಿಂದ 50 ಮೈಕ್ರಾನ್.

ಕೋಟಿಂಗ್ ಹಾಕುವ ಮೊದಲು ಗೀರು ತೆಗೆಯುತ್ತೇವೆಂದು ಮೆಷಿನ್ ಹಿಡಿದು 'ರಬ್ಬಿಂಗ್' ಮಾಡುತ್ತಾರಲ್ಲ, ಅದು ಗೀರನ್ನು ತುಂಬುವುದಿಲ್ಲ. ಗೀರಿನ ಅಕ್ಕಪಕ್ಕದ ಕ್ಲಿಯರ್ ಕೋಟನ್ನು ಸವೆಸಿ ಗೀರಿನ ಮಟ್ಟಕ್ಕೆ ಇಳಿಸುತ್ತದೆ. ಒಂದು ಸಲ ಸರಿ. ಪ್ರತಿ ಹಬ್ಬಕ್ಕೂ ಮಾಡಿಸಿದರೆ? ಬಾನೆಟ್ಟು, ಟಾಪಿನ ಮೇಲೆ ಬಿಳಿ ಹಕ್ಕಳೆ ಎದ್ದ ಕಾರುಗಳನ್ನು ನೀವು ನೋಡಿಯೇ ಇರುತ್ತೀರಿ. ಬಿಸಿಲು ತಿಂದಿದ್ದಷ್ಟೇ ಅಲ್ಲ, ಕೆಲವನ್ನು ಮೆಷಿನ್ನೂ ತಿಂದಿರುತ್ತದೆ. ಬಣ್ಣದ ದಪ್ಪ ಅಳೆಯುವ ಪುಟ್ಟ ಮೀಟರ್ ಸಿಗುತ್ತದೆ. ಮೆಷಿನ್ ಹಚ್ಚುವ ಮೊದಲು ಅದರಲ್ಲಿ ಅಳೆದು ತೋರಿಸಿ ಎಂದು ಕೇಳಿ. ಮೀಟರ್ ಇಲ್ಲದ ಅಂಗಡಿಯಲ್ಲಿ ಮೆಷಿನ್ ಮುಟ್ಟಿಸಬೇಡಿ.

ಇನ್ನು ಸೆರಾಮಿಕ್. ಅದು ಸಿಲಿಕಾ ಆಧಾರಿತ ದ್ರವ. ಒಣಗಿದ ಮೇಲೆ ಉಳಿಯುವುದು ಒಂದೆರಡು ಮೈಕ್ರಾನ್ ಪದರ. ನೀರು ಜಾರುತ್ತದೆ, ಧೂಳು ಬೇಗ ಬಿಡುತ್ತದೆ, ಹೊಳಪು ಬರುತ್ತದೆ. ಇವು ನಿಜವಾದ ಲಾಭಗಳು, ಇಲ್ಲವೆನ್ನುವುದಿಲ್ಲ. ಆದರೆ ಲಾರಿ ಚಕ್ರದಿಂದ ಸಿಡಿದ ಜಲ್ಲಿಯನ್ನು ಆ ಪದರ ತಡೆಯುತ್ತದೆಯೇ? ಜಾಲಿ ಮುಳ್ಳು ಗೀಚಿದರೆ ಉಳಿಸುತ್ತದೆಯೇ? ಇಲ್ಲ. ಬೋರ್ಡಿನಲ್ಲಿ ಬರೆಯುವ '9ಎಚ್' ಅಂದರೆ ಪೆನ್ಸಿಲ್ಲಿನ ಸೀಸದಿಂದ ಗೀಚಿ ನೋಡುವ ಪರೀಕ್ಷೆಯ ಅಂಕ. ಕಲ್ಲು, ಕಬ್ಬಿಣದ ಗಟ್ಟಿತನ ಅಳೆಯುವ ಲೆಕ್ಕವೇ ಬೇರೆ. ಪೆನ್ಸಿಲ್ ಪರೀಕ್ಷೆಯ ಅಂಕ ತೋರಿಸಿ ಕಲ್ಲಿನ ಏಟಿಗೆ ಭರವಸೆ ಕೊಡುವುದು ಮೋಸ.

ಜಲ್ಲಿ ಏಟು ಸ್ವಲ್ಪವಾದರೂ ತಾಳುವುದು ಪಿಪಿಎಫ್ ಎನ್ನುವ ಪ್ಲಾಸ್ಟಿಕ್ ಹೊದಿಕೆ. ಅದರ ದಪ್ಪ 150ರಿಂದ 200 ಮೈಕ್ರಾನ್. ಪೂರ್ತಿ ಕಾರಿಗೆ ಹಾಕಿಸಲು ಹೋದರೆ ಖರ್ಚು ಲಕ್ಷದ ಸುತ್ತ ತಿರುಗುತ್ತದೆ. ಎರಡೂವರೆ ಲಕ್ಷದ ಹಳೆ ಕಾರಿಗೆ ಅದು ಬೇಕೇ, ನೀವೇ ಹೇಳಿ.

ನಮ್ಮ ಬಯಲು ಸೀಮೆಗೆ ಇನ್ನೊಂದು ತೊಂದರೆ ಇದೆ. ಬೋರ್‌ವೆಲ್ ನೀರು ಗಡಸು. ಕೋಟಿಂಗ್ ಮೇಲೆ ನೀರು ಮಣಿಮಣಿಯಾಗಿ ನಿಲ್ಲುತ್ತದೆ. ನೋಡಲು ಚೆಂದ. ಅದೇ ಮಣಿ ಬಿಸಿಲಿಗೆ ಒಣಗಿದರೆ ಸುಣ್ಣದ ಬಿಳಿ ಚುಕ್ಕೆ ಕೂರುತ್ತದೆ. ಕೋಟಿಂಗ್ ಇದ್ದರೂ ತೊಳೆದ ತಕ್ಷಣ ಬಟ್ಟೆಯಲ್ಲಿ ಒರೆಸಲೇಬೇಕು. ಇದನ್ನು ಯಾವ ಫ್ಲೆಕ್ಸೂ ಬರೆಯುವುದಿಲ್ಲ. ಚುಕ್ಕೆ ಬಿತ್ತು ಎಂದು ಹೋದರೆ 'ಮೆಂಟೆನೆನ್ಸ್ ಮಾಡಿಸಿಲ್ಲ, ಗ್ಯಾರಂಟಿ ಹೋಯ್ತು' ಎನ್ನುತ್ತಾರೆ. ವರ್ಷ ವರ್ಷ ದುಡ್ಡು ಕೊಟ್ಟು ಅವರಲ್ಲೇ ಮಾಡಿಸಿದರೆ ಮಾತ್ರ ಉಳಿಯುವ ಐದು ವರ್ಷದ ಗ್ಯಾರಂಟಿಗೆ ಕಂತು ಅನ್ನಬೇಕು.

'ಟೆಫ್ಲಾನ್ ಕೋಟಿಂಗ್' ಕಥೆ ಇನ್ನೂ ಸ್ವಾರಸ್ಯ. ದೋಸೆ ಕಾವಲಿಗೆ ಟೆಫ್ಲಾನ್ ಅಂಟಿಸಲು 300 ಡಿಗ್ರಿಗೂ ಮೀರಿದ ಬಿಸಿ ಬೇಕು. ಆ ವಸ್ತು ಕರಗುವುದೇ ಸುಮಾರು 327 ಡಿಗ್ರಿಗೆ. ಕಾರಿನ ಬಣ್ಣ ಆ ಬಿಸಿ ತಡೆಯುವುದಿಲ್ಲ. ಹಾಗಾದರೆ ಸ್ಪಂಜಿನಲ್ಲಿ ಒರೆಸಿ ಹಚ್ಚುವುದು ಏನು? ಹೆಚ್ಚಿನ ಕಡೆ ಅದು ಒಳ್ಳೆಯ ಪಾಲಿಶ್, ಅಷ್ಟೇ. ಪಾಲಿಶ್ ಎಂದೇ ಮಾರಲಿ, ಪಾಲಿಶ್ ರೇಟಿಗೇ ಮಾರಲಿ.

ಹೊಳಪು ಎಲ್ಲಿ ನಿಲ್ಲಬೇಕು

ಇಲ್ಲಿಯವರೆಗೆ ಹೇಳಿದ್ದು ದುಡ್ಡಿನ ಮಾತು. ಇನ್ನು ಜೀವದ ಮಾತು.

ಟೈರಿಗೆ ಹಚ್ಚುವ ಕಪ್ಪು ಪಾಲಿಶ್ ಹೆಚ್ಚಾಗಿ ಸಿಲಿಕಾನ್ ಎಣ್ಣೆ. ಟೈರಿನ ಬದಿಗೆ ಹಚ್ಚಿದರೆ ಹೊಳಪು, ನೆಲ ಮುಟ್ಟುವ ಭಾಗಕ್ಕೆ ಬಿದ್ದರೆ ಜಾರುಬಂಡಿ. ಬ್ರೇಕ್ ಡಿಸ್ಕಿಗೆ ಸಿಡಿದರೆ ಬ್ರೇಕ್ ಹಿಡಿಯುವುದಿಲ್ಲ. ಅದೇ ಪಾಲಿಶನ್ನು ಸ್ಟೀರಿಂಗಿಗೆ, ಕ್ಲಚ್ಚು ಬ್ರೇಕಿನ ಪೆಡಲ್ಲಿಗೆ ಒರೆಸಿ ಫಳಫಳ ಮಾಡುವವರೂ ಇದ್ದಾರೆ. ಮಳೆಯಲ್ಲಿ ಒದ್ದೆ ಚಪ್ಪಲಿ ಹಾಕಿಕೊಂಡು ಆ ಪೆಡಲ್ ಒತ್ತಿ ನೋಡಿ, ಗೊತ್ತಾಗುತ್ತದೆ. ಇನ್ನು ಟೈರಿನ ಗೆರೆಯ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಕಾರನ್ನು ರಸ್ತೆಗೆ ತರಬಾರದು ಎನ್ನುತ್ತದೆ ನಿಯಮ. ಬೋಳು ಟೈರಿನ ಕಾರಿಗೆ 20 ಸಾವಿರದ ಕೋಟಿಂಗ್ ಹಾಕಿ ಕಳಿಸುವ ಅಂಗಡಿಯವನು 'ಅಣ್ಣಾ, ಮೊದಲು ಟೈರ್ ಹಾಕಿಸು' ಎಂದು ಒಂದು ಮಾತು ಹೇಳಬಾರದೇ?

ಸೀಟ್ ಕವರ್ ಇದೇ ಅಂಗಡಿಗಳ ಇನ್ನೊಂದು ದೊಡ್ಡ ವ್ಯಾಪಾರ. ಈಗಿನ ಎಷ್ಟೋ ಕಾರುಗಳಲ್ಲಿ ಮುಂದಿನ ಸೀಟಿನ ಹೊರಬದಿಯೊಳಗೇ ಏರ್‌ಬ್ಯಾಗ್ ಇರುತ್ತದೆ. ಸೀಟಿನ ಪಕ್ಕದಲ್ಲಿ 'ಎಸ್‌ಆರ್‌ಎಸ್ ಏರ್‌ಬ್ಯಾಗ್' ಎಂಬ ಚಿಕ್ಕ ಪಟ್ಟಿ ನೋಡಿ. ಅದರ ಮೇಲೆ ಬಿಗಿಯಾಗಿ ರೆಕ್ಸಿನ್ ಹೊಲಿದರೆ ಏಟು ಬಿದ್ದ ಗಳಿಗೆಯಲ್ಲಿ ಬಲೂನು ಹೊರಬರಲು ದಾರಿಯಿಲ್ಲ. ಮುಂದೆ ಕೂರಿಸುವ ಕಬ್ಬಿಣದ ಕ್ರ್ಯಾಶ್ ಗಾರ್ಡ್ ವಿಚಾರದಲ್ಲಿ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ಕ್ರಮ ಕೈಗೊಳ್ಳಿ ಎಂದು ರಾಜ್ಯಗಳಿಗೆ ಬರೆಯಿತು. ಪಾದಚಾರಿಗೂ ಅಪಾಯ, ಕಾರಿನೊಳಗಿನವರಿಗೂ ಅಪಾಯ. ಆದರೂ ಅಂಗಡಿಯಲ್ಲಿ ನೇತಾಡುತ್ತಲೇ ಇದೆ.

ಗಾಜಿನ ಕಪ್ಪು ಫಿಲ್ಮಿನದೂ ಇದೇ ಹಾಡು. ಕೇಂದ್ರ ಮೋಟಾರು ವಾಹನ ನಿಯಮ 100ರ ಪ್ರಕಾರ ಮುಂದಿನ, ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ. 70, ಪಕ್ಕದ ಗಾಜಿನಲ್ಲಿ ಕನಿಷ್ಠ ಶೇ. 50 ಬೆಳಕು ಹಾಯಬೇಕು. 2012ರಲ್ಲಿ ಸುಪ್ರೀಂ ಕೋರ್ಟ್ ಗಾಜಿಗೆ ಫಿಲ್ಮ್ ಅಂಟಿಸುವುದನ್ನೇ ನಿಲ್ಲಿಸಿತು. ಆಮೇಲೆ ನಿಯಮಕ್ಕೆ ತಿದ್ದುಪಡಿ ಬಂತು, 2024ರಲ್ಲಿ ಕೇರಳ ಹೈಕೋರ್ಟ್ ಮಾನದಂಡ ಪಾಲಿಸುವ ಫಿಲ್ಮಿಗೆ ಅಡ್ಡಿಯಿಲ್ಲ ಎಂದಿತು. 'ಕೋರ್ಟೇ ಬಿಟ್ಟಿದೆ ಸಾರ್' ಎಂದು ಅಂಗಡಿಯವರು ಹೇಳುವುದು ಇದನ್ನೇ. ಆದರೆ ಆ ತೀರ್ಪಿನಲ್ಲೂ 70 ಮತ್ತು 50ರ ಮಿತಿ ಹಾಗೇ ಇದೆ ಎಂಬುದನ್ನು ನುಂಗಿಬಿಡುತ್ತಾರೆ. ರಾತ್ರಿ ಊರ ದಾರಿಯಲ್ಲಿ, ಬೀದಿ ದೀಪವಿಲ್ಲದ ತಿರುವಿನಲ್ಲಿ, ಕಪ್ಪು ಗಾಜಿನೊಳಗಿಂದ ಸೈಕಲ್ಲಿನವನು ಕಾಣುವುದಿಲ್ಲ. ದನ ಅಟ್ಟಿಕೊಂಡು ಬರುವ ಅಜ್ಜಿ ಕಾಣುವುದಿಲ್ಲ. ನಮ್ಮ ರಸ್ತೆಗಳಲ್ಲಿ ಕಾರಿನವರಿಗಿಂತ ನಡೆಯುವವರೇ ಹೆಚ್ಚು.

ಆ ಹುಡುಗರ ಕೈ ನೋಡಿ

ವರದಿಗೆಂದು ಇಂಥ ಅಂಗಡಿಗಳಿಗೆ ಹೋದಾಗಲೆಲ್ಲ ನಾನು ಕಾರಿಗಿಂತ ಮೊದಲು ಕೆಲಸದ ಹುಡುಗರ ಕೈ ನೋಡುತ್ತೇನೆ. ಬೆರಳ ಸಂದಿ ಬಿಳಿಚಿಕೊಂಡು ಚರ್ಮ ಸುಲಿದಿರುತ್ತದೆ. 'ಏನಾಗಲ್ಲ ಬಿಡಣ್ಣ, ಅಭ್ಯಾಸ' ಎನ್ನುತ್ತಾರೆ. ಚಕ್ರ ತೊಳೆಯುವ ದ್ರವ ನೀರಿನ ಬಾಟಲಿಯಲ್ಲಿರುತ್ತದೆ. ಲೇಬಲ್ ಇಲ್ಲ. ಏನಿದು ಎಂದರೆ 'ಆಸಿಡ್' ಎಂಬ ಒಂದೇ ಉತ್ತರ. ಯಾವ ಆಸಿಡ್? ಅವರಿಗೆ ಗೊತ್ತಿಲ್ಲ, ಯಾರೂ ಹೇಳಿಲ್ಲ.

ಗೊತ್ತಿರಲೇಬೇಕು. ಚಕ್ರ ತೊಳೆಯುವ ಕೆಲವು ದ್ರವಗಳಲ್ಲಿ ಫ್ಲೋರೈಡ್ ಜಾತಿಯ ಆಮ್ಲ ಇರುತ್ತದೆ. ಅದು ಕೈ ಮೇಲೆ ಬಿದ್ದರೆ ಎಷ್ಟೋ ಸಲ ತಕ್ಷಣ ಉರಿಯುವುದಿಲ್ಲ. ಸದ್ದಿಲ್ಲದೆ ಒಳಗಿಳಿದು ಗಂಟೆಗಳ ಮೇಲೆ ನೋವು ಶುರುವಾಗುತ್ತದೆ, ಮೂಳೆಯವರೆಗೂ ಹೋಗುತ್ತದೆ. ಬಿದ್ದ ಕೂಡಲೇ ತುಂಬಾ ಹೊತ್ತು ನೀರಿನಲ್ಲಿ ತೊಳೆದು, ಬಾಟಲಿಯನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಓಡಬೇಕು. ಅದಕ್ಕೆ ಕೊಡುವ ಚಿಕಿತ್ಸೆ ಬೇರೆ, ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್. ಲೇಬಲ್ ಇಲ್ಲದ ಬಾಟಲಿ ನೋಡಿ ಡಾಕ್ಟರು ಏನು ಮಾಡಬೇಕು?

ಕ್ಲಿಯರ್ ಕೋಟ್ ಸ್ಪ್ರೇ ಮಾಡುವ ಅಂಗಡಿಯಾದರೆ ಸಂಕಟ ಇನ್ನೂ ಹೆಚ್ಚು. ಎರಡು ಡಬ್ಬಿ ಬೆರೆಸಿ ಹೊಡೆಯುವ ಆ ಬಣ್ಣದ ಹಾರ್ಡನರಿನಲ್ಲಿ ಐಸೊಸೈನೇಟ್ ಎಂಬ ರಾಸಾಯನಿಕವಿದೆ. ಬಣ್ಣ ಹೊಡೆಯುವವರಿಗೆ ಆಸ್ತಮಾ ತರುವ ವಸ್ತು ಎಂದು ವೈದ್ಯಲೋಕಕ್ಕೆ ಚೆನ್ನಾಗಿ ಗೊತ್ತಿರುವುದು ಇದೇ. ಒಮ್ಮೆ ಅದಕ್ಕೆ ದೇಹ ತಿರುಗಿಬಿದ್ದರೆ ಆಮೇಲೆ ಸ್ವಲ್ಪ ಸೋಕಿದರೂ ಉಸಿರು ಕಟ್ಟುತ್ತದೆ. ಮುಖಕ್ಕೆ ಕಟ್ಟಿಕೊಂಡ ಕರ್ಚೀಫು, ಕೊರೋನಾ ಕಾಲದ ಬಟ್ಟೆ ಮಾಸ್ಕು ಇದನ್ನು ತಡೆಯುವುದಿಲ್ಲ. ಹೊರಗಿನ ಶುದ್ಧ ಗಾಳಿ ಕೊಳವೆಯಲ್ಲಿ ಬರುವ ಮಾಸ್ಕು, ಗಾಳಿ ಎಳೆದು ಹಾಕುವ ಬೂತು ಬೇಕು. ನಮ್ಮ ಕಡೆ ಇರುವುದು ಮೂರು ಗೋಡೆ, ಒಂದು ಶಟರ್, ಒಂದು ಟೇಬಲ್ ಫ್ಯಾನ್.

ಗ್ರಾಹಕನ ಬಾನೆಟ್ಟಿಗೆ ಐದು ವರ್ಷ ಗ್ಯಾರಂಟಿ ಬರೆದುಕೊಡುವ ಮಾಲೀಕ ಆ ಹುಡುಗನಿಗೆ ಒಂದು ಜೊತೆ ಗ್ಲೌಸಿನ ಗ್ಯಾರಂಟಿ ಕೊಟ್ಟಿಲ್ಲ. 14ರ ಕೆಳಗಿನ ಮಕ್ಕಳನ್ನು ಕೆಲಸಕ್ಕಿಡುವಂತಿಲ್ಲ, 18ರ ಕೆಳಗಿನವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವಂತಿಲ್ಲ ಎನ್ನುತ್ತದೆ ಕಾನೂನು. ಬೇಸಿಗೆ ರಜೆಯಲ್ಲಿ ಸ್ಪಂಜು ಹಿಡಿದು ನಿಂತವರ ವಯಸ್ಸು ಕೇಳಲು ಕಾರ್ಮಿಕ ಇಲಾಖೆಯವರು ಒಮ್ಮೆ ಬರಲಿ.

'ಹೊಟ್ಟೆ ಮೇಲೆ ಹೊಡೀಬೇಡಿ'

ಇದನ್ನೆಲ್ಲ ಬರೆದರೆ ಬರುವ ಮೊದಲ ಮಾತು ಇದು. ಐಟಿಐ ಮುಗಿಸಿದ ಹುಡುಗರು ಬೆಂಗಳೂರಿಗೆ ಗುಳೆ ಹೋಗದೆ ಊರಲ್ಲೇ ನಾಲ್ಕು ಕಾಸು ನೋಡುತ್ತಿದ್ದಾರೆ, ಅದಕ್ಕೂ ಕಲ್ಲು ಹಾಕಬೇಡಿ ಎನ್ನುತ್ತಾರೆ. ನ್ಯಾಯವಾದ ಮಾತು. ಅದಕ್ಕೇ ಹೇಳುತ್ತಿದ್ದೇನೆ, ಆ ಹುಡುಗರ ಶ್ವಾಸಕೋಶ ಮೂವತ್ತೈದಕ್ಕೇ ಕೆಟ್ಟರೆ ಊರಲ್ಲಿ ಉಳಿದು ಏನು ಪ್ರಯೋಜನ? ಗ್ಲೌಸು, ಲೇಬಲ್ಲು, ಸರಿಯಾದ ಮಾಸ್ಕು ತಂದರೆ ಮುಚ್ಚಿಹೋಗುವ ಅಂಗಡಿ, ಇಷ್ಟು ದಿನ ನಡೆದದ್ದು ಅವರ ಆರೋಗ್ಯದ ಸಾಲದಲ್ಲಿ.

ಎರಡನೇ ಮಾತು, 'ನನ್ನ ಕಾರು, ನನ್ನ ದುಡ್ಡು'. ಹೌದು, ಬಾನೆಟ್ಟು ನಿಮ್ಮದು. ರಸ್ತೆ ನಿಮ್ಮೊಬ್ಬರದಲ್ಲ. ಬ್ರೇಕು, ಟೈರು, ಗಾಜು ಮೂರೂ ಎದುರು ಬರುವವನಿಗೂ ಸೇರಿದವು. ನೀರೂ ಅಷ್ಟೇ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದಿತು. ನಾವು ಟ್ಯಾಂಕರಿಗೆ ಕೊಡ ಸಾಲಾಗಿಟ್ಟು ಕಾಯುವ ಏಪ್ರಿಲ್ ತಿಂಗಳಲ್ಲೂ ಹೈವೇ ಪಕ್ಕ ನೊರೆ ಹರಿಯುತ್ತದೆ, ಹರಿದು ಹಳ್ಳ ಸೇರುತ್ತದೆ. ಕೇಳುವವರಿಲ್ಲ.

ಕೇಳಬೇಕಾದ್ದು ಇಷ್ಟು

ಅಂಗಡಿಯವರನ್ನು ಕೇಳಿ: ಹಚ್ಚುವ ವಸ್ತುವಿನ ಹೆಸರು, ಕಂಪನಿ, ಏನನ್ನು ತಡೆಯುತ್ತದೆ, ಏನನ್ನು ತಡೆಯುವುದಿಲ್ಲ ಎಲ್ಲವೂ ಬಿಲ್ಲಿನಲ್ಲಿ ಬರೆದಿರಲಿ. ಬಾಯಿ ಮಾತಿನ ಗ್ಯಾರಂಟಿ ಬೇಡ. ಸೀಲ್ ಇರುವ ಬಾಟಲಿಯನ್ನು ನಿಮ್ಮೆದುರೇ ಒಡೆಯಲಿ.

ಮೋಸವಾದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ವ್ಯವಹಾರದ ದೂರಿಗೆ ಶುಲ್ಕವಿಲ್ಲ. ಬಿಲ್ ಇದ್ದರೆ ಕೇಸು ಗಟ್ಟಿಯಾಗಿ ನಿಲ್ಲುತ್ತದೆ, ಹಾಗಾಗಿ ಜಿಎಸ್‌ಟಿ ಉಳಿಸಲು ಬಿಲ್ ಬೇಡ ಎನ್ನಬೇಡಿ.

ಪಂಚಾಯಿತಿ, ಪುರಸಭೆ ಸದಸ್ಯರನ್ನು ಕೇಳಿ: ಲೈಸೆನ್ಸ್ ಕೊಡುವಾಗ ಕೊಳೆ ನೀರು ಎಲ್ಲಿಗೆ ಹೋಗುತ್ತದೆ ಎಂದು ಯಾರಾದರೂ ನೋಡಿದ್ದಾರಾ? ಆರ್‌ಟಿಒದವರನ್ನು ಕೇಳಿ: ಕಪ್ಪು ಫಿಲ್ಮ್ ಅಂಟಿಸಿಕೊಂಡ ಡ್ರೈವರಿಗೆ ರಸ್ತೆಯಲ್ಲಿ ದಂಡ ಹಾಕುತ್ತೀರಿ, ಅಂಟಿಸಿದ ಅಂಗಡಿಗೆ ಯಾವಾಗ ಹೋಗುತ್ತೀರಿ?

ಕೊನೆಗೆ, ಕಾರು ಬಿಟ್ಟು ಬರುವಾಗ ಆ ಹುಡುಗನ ಕೈಯಲ್ಲಿ ಗ್ಲೌಸ್ ಇದೆಯಾ ನೋಡಿ. ಇಲ್ಲದಿದ್ದರೆ ಮಾಲೀಕನಿಗೆ ಹೇಳಿ, 'ಗ್ಲೌಸ್ ಹಾಕಿಸು, ಆಮೇಲೆ ಕಾರು ಬಿಡ್ತೀನಿ'. ಹತ್ತು ಗಿರಾಕಿಗಳು ಹೀಗೆ ಹೇಳಿದರೆ ಸಾಕು, ಹನ್ನೊಂದನೆಯವರು ಹೇಳುವ ಹೊತ್ತಿಗೆ ಅಂಗಡಿಯಲ್ಲಿ ಗ್ಲೌಸ್ ಬಂದಿರುತ್ತದೆ.